ಬಾಡಿಗೆಯ ಅಂಗಣದಲ್ಲಿ ಕಾಲ್ಚೆಂಡಾಟ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಬಾಡಿಗೆಯ ಮನೆಗಳಲ್ಲಿ ಬಾಳುವೆ ಸಾಗಿಸಿದವರು ಅದಕ್ಕೆ ಇನ್ನೊಂದು ಮಾತನ್ನು ಸೇರಿಸಿಯಾರು: ಮನೆ ಬದಲಿಸಿ ನೋಡು. ಒಂದು ಸಂಸಾರ ಮನೆ ಬದಲಿಸಿದಾಗ ಪಾತ್ರೆಪಡಗ, ಪುಸ್ತಕ, ಹಾಸಿಗೆಗಳು ಗಾಡಿಯೇರುತ್ತವೆ, ನೆರೆಹೊರೆಯವರ ನಾಲ್ಕು ಕಣ್ಣು ಹನಿಗೂಡುತ್ತವೆ, ಅಲ್ಲಿಗೆ ಮುಗಿಯಿತು. ಆದರೆ ಒಂದು ಕಾಲ್ಚೆಂಡಿನ ಕ್ಲಬ್ಬು ತನ್ನ ಅಂಗಣವನ್ನು ಬದಲಿಸಿದಾಗ ಅದರೊಡನೆ ಸಾವಿರಾರು ಮಂದಿ ಮನೆ ಬದಲಿಸುತ್ತಾರೆ. ಅವರು ಕುಳಿತುಕೊಳ್ಳುವ ಜಾಗ, ಹಿಡಿಯುವ ಬಸ್ಸು, ಆಟ ಮುಗಿದ ಮೇಲೆ ಚಹ ಕುಡಿಯುವ ಅಂಗಡಿ ಎಲ್ಲವೂ ಬೇರೆಯಾಗುತ್ತವೆ. ಹೋಗಿ ಸೇರುವ ಹೊಸ ಅಂಗಣವು ಸಾರ್ವಜನಿಕರದ್ದಾಗಿದ್ದರೆ, ಅಲ್ಲಿ ಮೊದಲೇ ಬೀಡುಬಿಟ್ಟವರು ಬೇರೆಯವರು ಇರುತ್ತಾರೆ. ಆಗ ಹುಟ್ಟುವ ಪ್ರಶ್ನೆ ಆಟದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಊರಿನ ಸೊತ್ತನ್ನು ಯಾರು, ಯಾವ ಹೊತ್ತಿನಲ್ಲಿ, ಯಾವ ಕಟ್ಟಳೆಗೆ ಒಳಗಾಗಿ ಬಳಸಬೇಕು ಎಂಬ ಪ್ರಶ್ನೆಯಾಗುತ್ತದೆ.

ನಮ್ಮ ರಾಜ್ಯದಲ್ಲಿ ಇಂಥ ಸ್ಥಳಾಂತರದ ಒಂದು ದೊಡ್ಡ ಉದಾಹರಣೆ ಬೆಂಗಳೂರು ಫುಟ್‌ಬಾಲ್ ಕ್ಲಬ್ಬಿನದು. ಬೀದರಿನಿಂದ ಬೆಂಗಳೂರು ಏಳುನೂರು ಕಿಲೋಮೀಟರಿನಷ್ಟು ದೂರ; ಅಲ್ಲಿನ ಕ್ಲಬ್ಬಿನ ಸುದ್ದಿ ಭಾಲ್ಕಿಯವರಿಗೂ ಔರಾದಿನವರಿಗೂ ಏಕೆ ಬೇಕು ಎಂದು ತಾವು ಕೇಳಬಹುದು. ಜಿಲ್ಲೆಗೊಂದು, ತಾಲ್ಲೂಕಿಗೊಂದು ಸಾರ್ವಜನಿಕ ಅಂಗಣ ಬೇಕೆಂದು ಬಯಸುವ ಯಾರಿಗೇ ಆದರೂ ಈ ಕಥೆ ತಮ್ಮದೇ ಎನಿಸೀತು ಎಂಬುದು ನನ್ನ ಉತ್ತರ. ಹೇಗೆಂಬುದನ್ನು ಮುಂದೆ ಅರಿಕೆ ಮಾಡುತ್ತೇನೆ.

ಮೊದಲಿಗೆ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕು. ಕಾಲ್ಚೆಂಡಾಟ ಬೆಂಗಳೂರಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. ದಂಡಿನ ಪ್ರದೇಶದ ಸಿಪಾಯಿಗಳ ಆಟವನ್ನು ನೋಡಿ ಕಲಿತ ಅಲ್ಲಿನ ಹುಡುಗರು ಬಲುಬೇಗ ಗುರುಗಳನ್ನು ಮೀರಿಸಿದರು. ಬ್ರಿಟಿಷ್ ಪಲ್ಟಣಗಳು ಗೆಲ್ಲುತ್ತ ಬಂದಿದ್ದ ಮುಂಬಯಿಯ ರೋವರ್ಸ್ ಕಪ್ಪನ್ನು 1937ರಲ್ಲಿ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅದೇ ತಂಡ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ಎದುರು ಭಾರತದ ಪರವಾಗಿ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅದೇ ಕಾಲದ ಅಹಮದ್ ಖಾನ್ ಕೂಡ ಅದೇ ಊರಿನ ಮಣ್ಣಿನಲ್ಲಿ ಆಡಿ ಬೆಳೆದು, ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದಲ್ಲಿ ಹೆಸರಾದವರು. ಮೈಸೂರು ರಾಜ್ಯದ ತಂಡ ಸಂತೋಷ್ ಟ್ರೋಫಿಯನ್ನು ನಾಲ್ಕು ಬಾರಿ ತನ್ನದಾಗಿಸಿಕೊಂಡಿತು. ಆ ಪೈಕಿ ಕೊನೆಯದು 1968-69ರಲ್ಲಿ. ಅದಾದ ಮೇಲೆ ಐವತ್ತನಾಲ್ಕು ವರ್ಷ ಕಾದು, 2023ರಲ್ಲಿ ಸೌದಿ ಅರೇಬಿಯಾದ ರಿಯಾದಿನಲ್ಲಿ ಮೇಘಾಲಯವನ್ನು ಸೋಲಿಸಿ ಕರ್ನಾಟಕ ಆ ಟ್ರೋಫಿಯನ್ನು ಮರಳಿ ಪಡೆಯಿತು. ಆಸ್ಟಿನ್ ಟೌನು, ಮರ್ಫಿ ಟೌನು, ಗೌತಮಪುರ ಮೊದಲಾದ ದುಡಿಯುವ ಜನರ ಬಡಾವಣೆಗಳಲ್ಲಿ ಈ ಆಟ ಮನೆಮಾತು.

ಇಂಥ ನೆಲದಲ್ಲಿ 2013ರಲ್ಲಿ ಜೆ.ಎಸ್.ಡಬ್ಲ್ಯು ಸಂಸ್ಥೆಯವರು ಬೆಂಗಳೂರು ಫುಟ್‌ಬಾಲ್ ಕ್ಲಬ್ಬನ್ನು ಸ್ಥಾಪಿಸಿದರು. ಅದು ಮೊದಲು ನೆಲೆ ನಿಂತದ್ದು ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ. ರಾಜ್ಯ ಫುಟ್‌ಬಾಲ್ ಸಂಸ್ಥೆಯ ಆಡಳಿತದಲ್ಲಿದ್ದ ಆ ಅಂಗಣ ಕಾಲ್ಚೆಂಡಿಗೆಂದೇ ಮೀಸಲಾದದ್ದು; ಸುತ್ತ ಓಟದ ಪಥವಿಲ್ಲ, ನೋಡುವವನು ಆಟಗಾರನ ಉಸಿರಿಗೆ ಹತ್ತಿರ. ಆದರೆ ನೆಲಕ್ಕೆ ಹಾಸಿದ್ದು ಕೃತಕ ಹುಲ್ಲು. 2013ರ ಸೆಪ್ಟೆಂಬರ್ 22ರಂದು ಮೋಹನ್ ಬಾಗಾನಿನ ಎದುರು ಆಡಿದ ಮೊದಲ ಪಂದ್ಯ ಒಂದು-ಒಂದರ ಸಮಬಲದಲ್ಲಿ ಮುಗಿಯಿತು. ಆ ಋತು ಮುಗಿಯುವ ಹೊತ್ತಿಗೆ ಈ ಹೊಸ ಕ್ಲಬ್ಬು ಐ-ಲೀಗ್ ಪಟ್ಟವನ್ನೇ ಗೆದ್ದುಕೊಂಡಿತ್ತು. ಪಶ್ಚಿಮದ ಗ್ಯಾಲರಿಯಲ್ಲಿ ಕೂಡಿ ನಿಂತು ಹಾಡಿ ಕುಣಿದ ಅಭಿಮಾನಿಗಳು ಆ ದಿಕ್ಕಿನ ಹೆಸರನ್ನೇ ತಮ್ಮ ಕೂಟಕ್ಕೆ ಇಟ್ಟುಕೊಂಡು ‘ವೆಸ್ಟ್ ಬ್ಲಾಕ್ ಬ್ಲೂಸ್’ ಎನಿಸಿಕೊಂಡರು.

ಮರುವರ್ಷ, ಅಂದರೆ 2014-15ರ ಋತುವಿಗೆ, ಕ್ಲಬ್ಬು ಶ್ರೀ ಕಂಠೀರವ ಕ್ರೀಡಾಂಗಣಕ್ಕೆ ಸಾಗಿತು. ಗೆಲ್ಲುವ ತಂಡಕ್ಕೆ ನೋಡುವವರು ಹೆಚ್ಚು. ಅವರಿಗೆ ಆಸನಗಳು ಬೇಕು. ಏಷ್ಯಾ ಮಟ್ಟದ ಪಂದ್ಯಗಳನ್ನು ತವರಿನಲ್ಲಿ ನಡೆಸಬೇಕಾದರೆ ದೀಪದ ಬೆಳಕು, ಉಡುಪಿನ ಕೋಣೆ, ವೈದ್ಯರ ಕೋಣೆ, ಪ್ರೇಕ್ಷಕರು ತ್ವರೆಯಾಗಿ ಹೊರಬೀಳುವ ದಾರಿ ಇವೆಲ್ಲಕ್ಕೂ ಗೊತ್ತಾದ ನಿಯಮಗಳಿವೆ. ಕಂಠೀರವದಲ್ಲಿ ಸಹಜವಾದ ಹುಲ್ಲಿತ್ತು, ಹೊನಲು ಬೆಳಕಿತ್ತು, ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಜನ ಕೂಡುವ ಸ್ಥಳವಿತ್ತು. ಇಲ್ಲದಿದ್ದದ್ದು ಒಂದೇ: ಅದು ಕ್ಲಬ್ಬಿನ ಸ್ವಂತದ್ದಾಗಿರಲಿಲ್ಲ, ಕಾಲ್ಚೆಂಡಿಗಾಗಿ ಕಟ್ಟಿದ್ದೂ ಆಗಿರಲಿಲ್ಲ.

ಕಂಠೀರವವೆಂದರೆ ಸಿಂಹ. ಆ ಅಂಗಣ ನಿಂತಿರುವ ನೆಲ ಒಂದು ಕಾಲಕ್ಕೆ ನೀರಾಗಿತ್ತು. ಬೆಂಗಳೂರಿನ ಪೇಟೆಗೂ ದಂಡಿಗೂ ನಡುವೆ ಇದ್ದ ಸಂಪಂಗಿ ಕೆರೆಯ ಒಡಲು ಬತ್ತಿದ ಮೇಲೆ ಅಲ್ಲಿ ಆಟದ ಬಯಲಾಯಿತು, ಬಯಲಿನ ಮೇಲೆ ಅಂಗಣವೆದ್ದಿತು. ಕರಗದ ವಿಧಿಗಾಗಿ ಉಳಿಸಿಕೊಂಡ ಒಂದು ಚಿಕ್ಕ ಕೊಳ ಮಾತ್ರ ಇಂದಿಗೂ ಅಲ್ಲಿ ಕೆರೆಯ ಗುರುತಾಗಿ ಉಳಿದಿದೆ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಈ ಅಂಗಣವನ್ನು ಹೊಸದಾಗಿ ಸಜ್ಜುಗೊಳಿಸಿದರು. ಇದರ ಒಡೆತನ ರಾಜ್ಯ ಸರ್ಕಾರದ ಕ್ರೀಡಾ ಇಲಾಖೆಯದು; ಹೃದಯಸ್ಥಾನದಲ್ಲಿರುವುದು ಓಟಗಾರರ ಪಥ. ಕೆರೆಯಾಗಿದ್ದಾಗಲೂ ಊರಿನ ಸೊತ್ತು, ಅಂಗಣವಾದ ಮೇಲೂ ಊರಿನ ಸೊತ್ತು. ಈ ಅಂಶವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನದು ಸುಲಭವಾಗಿ ತಿಳಿಯುತ್ತದೆ.

ಓಟದ ಪಥವುಳ್ಳ ಅಂಗಣದಲ್ಲಿ ಕಾಲ್ಚೆಂಡು ನೋಡುವುದೆಂದರೇನು? ಇದಕ್ಕೆ ಸ್ವಲ್ಪ ಲೆಕ್ಕ ಬೇಕು. ನಾನೂರು ಮೀಟರಿನ ನಿಯಮಿತ ಪಥದಲ್ಲಿ ಎರಡು ನೇರ ಭಾಗಗಳು, ಎರಡು ಅರ್ಧವೃತ್ತಗಳು. ನೇರ ಭಾಗದ ಉದ್ದ 84.39 ಮೀಟರು, ಅರ್ಧವೃತ್ತದ ತ್ರಿಜ್ಯ 36.50 ಮೀಟರು. ಹೀಗಾಗಿ ಒಳಗಿನ ಬಯಲಿನ ಅಗಲ 73 ಮೀಟರು, ಉದ್ದ ಸುಮಾರು 157 ಮೀಟರು. ಅಂತರರಾಷ್ಟ್ರೀಯ ಪಂದ್ಯಕ್ಕೆ ಒಪ್ಪುವ ಕಾಲ್ಚೆಂಡಿನ ಕಣ 105 ಮೀಟರು ಉದ್ದ, 68 ಮೀಟರು ಅಗಲ. ಇದನ್ನು ಅದರೊಳಗೆ ಇಟ್ಟರೆ ನಾಲ್ಕು ಮೂಲೆಯ ಬಾವುಟಗಳು ಪಥದ ಅಂಚನ್ನು ಹೆಚ್ಚುಕಡಮೆ ತಾಗಿಕೊಂಡೇ ನಿಲ್ಲುತ್ತವೆ. ಆದರೆ ಗೋಲಿನ ಹಿಂದೆ 26 ಮೀಟರಿನಷ್ಟು ಬರಿದಾದ ನೆಲ ಉಳಿಯುತ್ತದೆ. ಅದರಾಚೆ ಒಂದೊಂದೂ 1.22 ಮೀಟರು ಅಗಲದ ಎಂಟು ಓಣಿಗಳ ಪಥ, ಅಂದರೆ ಇನ್ನೂ ಸುಮಾರು ಹತ್ತು ಮೀಟರು. ಹೀಗೆ ಗೋಲಿನ ಹಿಂದಿನ ಮೊದಲ ಸಾಲಿನಲ್ಲಿ ಕುಳಿತವನಿಗೂ ಹತ್ತಿರದ ಗೋಲು 36 ಮೀಟರು ದೂರ, ಎದುರಿನ ಗೋಲು 140 ಮೀಟರಿಗೂ ಮೀರಿದ ದೂರ. ಅಷ್ಟು ದೂರದಿಂದ ಚೆಂಡು ಕಾಣುತ್ತದೆ, ಆಟಗಾರನ ಮುಖ ಕಾಣುವುದಿಲ್ಲ. ಪಕ್ಕದ ಗ್ಯಾಲರಿಯವರಿಗೆ ಅಂತರ ಕಡಮೆ, ಹನ್ನೆರಡು ಮೀಟರಿನಷ್ಟು. ಅಭಿಮಾನಿಗಳು ಪಕ್ಕದ ಆಸನಗಳಿಗೆ ಮುಗಿಬೀಳುವುದಕ್ಕೆ ಕಾರಣ ಈ ರೇಖಾಗಣಿತವೇ.

ದೂರವಾದರೂ ಜನ ಬಂದರು. 2015ರ ಮೇ 31ರ ಸಂಜೆ ಐ-ಲೀಗಿನ ಪಟ್ಟ ಕಂಠೀರವದಲ್ಲೇ ನಿರ್ಣಯವಾಗಬೇಕಾಗಿತ್ತು. ಬೆಂಗಳೂರಿಗೆ ಗೆಲುವು ಬೇಕಿತ್ತು, ಮೋಹನ್ ಬಾಗಾನಿಗೆ ಸಮಬಲ ಸಾಕಿತ್ತು. ಜಾನ್ ಜಾನ್ಸನ್ನರ ಗೋಲಿನಿಂದ ಮುಂದಿದ್ದ ಬೆಂಗಳೂರು, ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಬೆಲ್ಲೊ ರಜಾಕ್ ಹೊಡೆದ ಗೋಲಿನಿಂದ ಪಟ್ಟವನ್ನು ಕೈಬಿಟ್ಟಿತು. ಮರುವರ್ಷ ಆ ಪಟ್ಟ ಮರಳಿ ಬಂದಿತು. 2016ರ ಅಕ್ಟೋಬರ್ 19ರಂದು ಮಲೇಷ್ಯಾದ ಜೊಹೊರ್ ತಂಡವನ್ನು ಮೂರು-ಒಂದರಿಂದ ಸೋಲಿಸಿ, ಎ.ಎಫ್.ಸಿ. ಕಪ್ಪಿನ ಅಂತಿಮ ಘಟ್ಟಕ್ಕೆ ತಲುಪಿದ ಮೊದಲ ಭಾರತೀಯ ಕ್ಲಬ್ಬೆಂಬ ಹೆಸರನ್ನು ಅದು ಇದೇ ನೆಲದಲ್ಲಿ ಗಳಿಸಿತು. ಆ ರಾತ್ರಿ ಸುನಿಲ್ ಛೆಟ್ರಿ ಎರಡು ಗೋಲು ಹೊಡೆದರು. ಪಶ್ಚಿಮದ ಹಳೆಯ ಗ್ಯಾಲರಿ ಅಶೋಕನಗರದಲ್ಲೇ ಉಳಿಯಿತು. ಅದರ ಹೆಸರು ಮಾತ್ರ ಅಭಿಮಾನಿಗಳೊಡನೆ ಹೊಸ ಅಂಗಣಕ್ಕೆ ಬಂದಿತು. ಮನೆ ಬದಲಿಸಿದವರು ಹಳೆಯ ಮನೆಯ ಹೆಸರಿನ ಫಲಕವನ್ನು ಕಿತ್ತು ತಂದಂತೆ.

ಇನ್ನು ನಾಣ್ಯದ ಇನ್ನೊಂದು ಮುಖವನ್ನು ನೋಡೋಣ. ಸಾರ್ವಜನಿಕ ಅಂಗಣದ ಬಾಡಿಗೆಯನ್ನು ಹಣದಲ್ಲಿ ಹೇಳುವುದು ವಾಡಿಕೆ. ನಿಜವಾಗಿ ಅದನ್ನು ಗಂಟೆಗಳಲ್ಲಿ ಹೇಳಬೇಕು. ಪಂದ್ಯ ತೊಂಬತ್ತು ನಿಮಿಷ. ಆದರೆ ಜಾಹೀರಾತಿನ ಫಲಕಗಳನ್ನು ನಿಲ್ಲಿಸಲು, ದೂರದರ್ಶನದ ಕ್ಯಾಮೆರಾಗಳನ್ನು ಹೂಡಲು, ಪೊಲೀಸರ ತಪಾಸಣೆಗೆ, ಆಮೇಲೆ ಅವನ್ನೆಲ್ಲ ತೆಗೆಯಲು ದಿನಗಳೇ ಬೇಕು. ಆ ದಿನಗಳಲ್ಲಿ ಓಟಗಾರನಿಗೆ ಪಥ ಸಿಕ್ಕುವುದಿಲ್ಲ. ಇನ್ನು ಹುಲ್ಲು. ಈಟಿ ಎಸೆದರೆ ಅದು ನೆಲಕ್ಕೆ ನಾಟಬೇಕು. ಹ್ಯಾಮರ್ ಎಸೆದರೆ ನೆಲದಲ್ಲಿ ಕುಳಿಯಾಗುತ್ತದೆ. ಕಾಲ್ಚೆಂಡಿಗೆ ಬೇಕಾದದ್ದು ಕುಳಿಯಿಲ್ಲದ, ಸಮನಾಗಿ ಕತ್ತರಿಸಿದ ಹಾಸು. ಒಂದೇ ಹುಲ್ಲು ಈ ಇಬ್ಬರನ್ನೂ ಏಕಕಾಲಕ್ಕೆ ತೃಪ್ತಿಪಡಿಸಲಾರದು. ಹುಲ್ಲಿಗೂ ಬಿಡುವು ಬೇಕು. ಬಿಡುವೆಂದರೆ ಮತ್ತೆ ಯಾರಿಗೋ ಬಾಗಿಲು ಮುಚ್ಚಿತೆಂದೇ ಅರ್ಥ.

ಬೆಂಗಳೂರಿನಲ್ಲಿ ಆದದ್ದೂ ಇದೇ. ವರ್ಷವಿಡೀ ಅಲ್ಲಿ ತಾಲೀಮು ನಡೆಸುವ ಓಟಗಾರರು, ಜಿಗಿತಗಾರರು, ಅವರ ತರಬೇತುದಾರರು ತಮ್ಮ ಹೊತ್ತು ಕಳೆದುಹೋಗುತ್ತಿದೆಯೆಂದು ದೂರಿದರು. ವಿವಾದ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. 2019ರಲ್ಲಿ ಹೊಸ ಋತುವಿನ ಮುಂಚೆ ಅನುಮತಿ ತಡವಾದಾಗ, ಕ್ಲಬ್ಬು ಪುಣೆಗೆ ಹೋಗಿ ತವರಿನ ಪಂದ್ಯಗಳನ್ನು ಆಡೀತೆಂಬ ಮಾತೂ ಎದ್ದಿತು. ಆ ವರ್ಷವಷ್ಟೇ ಇಂಡಿಯನ್ ಸೂಪರ್ ಲೀಗನ್ನು ಗೆದ್ದಿದ್ದ ತಂಡ ಅದು. ಗೆದ್ದ ಕಪ್ಪನ್ನು ಇಡಲು ಮನೆಯುಂಟು, ಆಡಲು ಅಂಗಳವಿಲ್ಲ ಎಂಬಂಥ ಸ್ಥಿತಿ.

ಇಲ್ಲಿ ತಪ್ಪು ಯಾರದು? ಇಬ್ಬರ ಮಾತಿನಲ್ಲೂ ನ್ಯಾಯವಿದೆ. ನಗರದ ಹೆಸರನ್ನು ಹೊತ್ತು ಆಡುವ ತಂಡಕ್ಕೆ ನಗರದಲ್ಲಿ ನೆಲೆ ಬೇಕೆಂಬುದು ಸರಿ. ಇಪ್ಪತ್ತು ಸಾವಿರ ಜನರ ಸಂಜೆಯ ಸಂತೋಷವೂ ಸಾರ್ವಜನಿಕ ಹಿತವೇ. ಆದರೆ ನಸುಕಿನಲ್ಲಿ ಎದ್ದು, ಬಸ್ಸು ಹಿಡಿದು ಬಂದು, ಬಾಗಿಲಿಗೆ ಬೀಗ ಕಂಡು ಹಿಂದಿರುಗುವ ಹದಿನಾರರ ಹುಡುಗಿಗೆ ಬೇರೆ ಪಥವಿಲ್ಲ. ಕ್ಲಬ್ಬು ಬೇರೆಡೆ ಹೋಗಬಲ್ಲದು, ಅವಳು ಹೋಗಲಾರಳು. ಸಾರ್ವಜನಿಕ ಅಂಗಣದ ಕರಾರು ಬರೆಯುವಾಗ ಲೇಖನಿ ಹಿಡಿದವರು ಮೊದಲು ನೆನೆಯಬೇಕಾದದ್ದು ಈ ವ್ಯತ್ಯಾಸವನ್ನು.

ಹೊರನಾಡುಗಳಲ್ಲಿಯೂ ಈ ಸಮಸ್ಯೆ ಇದ್ದೇ ಇದೆ. ಲಂಡನ್ನಿನ ವೆಸ್ಟ್ ಹ್ಯಾಮ್ ಕ್ಲಬ್ಬು 1904ರಿಂದ ಆಡುತ್ತಿದ್ದ ತನ್ನ ಬೋಲಿನ್ ಅಂಗಣವನ್ನು 2016ರಲ್ಲಿ ಬಿಟ್ಟು, 2012ರ ಒಲಿಂಪಿಕ್ಸ್‌ಗೆ ಕಟ್ಟಿದ ಸಾರ್ವಜನಿಕ ಕ್ರೀಡಾಂಗಣಕ್ಕೆ ಹೋಯಿತು. ತೊಂಬತ್ತೊಂಬತ್ತು ವರ್ಷದ ಕರಾರು. ಆರಂಭದ ಬಾಡಿಗೆ ವರ್ಷಕ್ಕೆ ಸುಮಾರು 25 ಲಕ್ಷ ಪೌಂಡು. ಆದರೆ ಆ ಅಂಗಣವನ್ನು ಕಾಲ್ಚೆಂಡಿಗೆ ಹೊಂದಿಸಲು ತಗುಲಿದ ವೆಚ್ಚ 32 ಕೋಟಿ ಪೌಂಡುಗಳನ್ನು ದಾಟಿತು. ಅದರಲ್ಲಿ ಕ್ಲಬ್ಬು ಕೊಟ್ಟದ್ದು ಒಂದೂವರೆ ಕೋಟಿ ಮಾತ್ರ. ಓಟದ ಪಥದ ಮೇಲೆ ಸರಿಸಿ ಹಾಕುವ ಆಸನಗಳ ಖರ್ಚು ಅಂದಾಜನ್ನು ಎಷ್ಟೋ ಪಟ್ಟು ಮೀರಿ, ತೆರಿಗೆ ಕೊಡುವ ಪ್ರಜೆಗಳ ತಲೆಯ ಮೇಲೆ ಬಿದ್ದಿತು. ಇಷ್ಟಾದರೂ ಅಭಿಮಾನಿಗಳು ಸಂತುಷ್ಟರಾಗಲಿಲ್ಲ. ಆಟ ದೂರವಾಯಿತೆಂಬ ಕೊರಗು 2018ರಲ್ಲಿ ಕಣಕ್ಕೇ ನುಗ್ಗುವ ಪ್ರತಿಭಟನೆಯಾಗಿ ಸಿಡಿಯಿತು. ಇಟಲಿಯ ತೂರಿನ್ ನಗರದಲ್ಲಿ 1990ರ ವಿಶ್ವಕಪ್ಪಿಗೆ ಕಟ್ಟಿದ ಡೆಲ್ಲೆ ಆಲ್ಪಿ ಎಂಬ ಅಂಗಣದಲ್ಲಿ ಓಟದ ಪಥವಿತ್ತು. ಅಲ್ಲಿ ಬಾಡಿಗೆಗಿದ್ದ ಯುವೆಂಟಸ್ ಕ್ಲಬ್ಬು ಕೊನೆಗೆ ಆ ಕಟ್ಟಡವನ್ನೇ ಕೆಡವಿ, ಅದೇ ಜಾಗದಲ್ಲಿ 2011ರಲ್ಲಿ ಹಳೆಯದಕ್ಕಿಂತ ಚಿಕ್ಕದಾದ ಸ್ವಂತ ಅಂಗಣವನ್ನು ತೆರೆಯಿತು. ಜನ ಹತ್ತಿರ ಕುಳಿತರೆ ಸಾಕು, ಸಂಖ್ಯೆ ಕಡಮೆಯಾದರೂ ಚಿಂತೆಯಿಲ್ಲ ಎಂಬುದು ಅವರು ಕಂಡುಕೊಂಡ ಪಾಠ.

ಕಲ್ಕತ್ತೆಯದು ಬೇರೊಂದು ಬಗೆ. ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್ ಕ್ಲಬ್ಬುಗಳ ಹಳೆಯ ಅಂಗಣಗಳು ಮೈದಾನದಲ್ಲಿವೆ. ಆ ನೆಲ ಸೈನ್ಯಕ್ಕೆ ಸೇರಿದ್ದು. 1984ರಲ್ಲಿ ಸರ್ಕಾರ ಸಾಲ್ಟ್ ಲೇಕ್ ಕ್ರೀಡಾಂಗಣವನ್ನು ತೆರೆದ ಮೇಲೆ ದೊಡ್ಡ ಪಂದ್ಯಗಳು ಅಲ್ಲಿಗೆ ಹೋದವು. 1997ರ ಜುಲೈ 13ರಂದು ಈ ಎರಡು ತಂಡಗಳ ಪಂದ್ಯವನ್ನು ಅಲ್ಲಿ 1,31,000ಕ್ಕೂ ಹೆಚ್ಚು ಜನ ನೋಡಿದರು. ಆದರೂ ಕ್ಲಬ್ಬುಗಳು ಮೈದಾನದ ಹಳೆಯ ಗುಡಾರಗಳನ್ನು ತೊರೆಯಲಿಲ್ಲ. ಬಾಡಿಗೆಯ ಅರಮನೆಗೆ ಹೋಗುವವನು ಹಳ್ಳಿಯ ಹಳೆಯ ಮನೆಯನ್ನು ಮಾರದಿರುವುದು ಜಾಣತನ.

ಈಗ ನಮ್ಮ ನೆರೆಗೆ ಬರೋಣ. ಬೀದರಿಗೆ ಬೆಂಗಳೂರಿಗಿಂತ ಹೈದರಾಬಾದು ಎಷ್ಟೋ ಹತ್ತಿರ. 1956ರವರೆಗೆ ನಮ್ಮದು ಆ ರಾಜ್ಯದ ಜಿಲ್ಲೆಯಾಗಿತ್ತು. ಆ ಊರಿನ ಕಾಲ್ಚೆಂಡಿನ ವೈಭವ ಸಾಮಾನ್ಯವಾದದ್ದಲ್ಲ. ಶಾಲಾ ಉಪಾಧ್ಯಾಯರಾಗಿದ್ದ ಸೈಯದ್ ಅಬ್ದುಲ್ ರಹೀಮರು ತಿದ್ದಿ ಬೆಳೆಸಿದ ಹೈದರಾಬಾದು ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತವಾಗಿ ಐದು ಬಾರಿ ರೋವರ್ಸ್ ಕಪ್ಪನ್ನು ಗೆದ್ದಿತು. ಅದೇ ರಹೀಮರ ಮಾರ್ಗದರ್ಶನದಲ್ಲಿ ಭಾರತ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನವನ್ನೂ 1962ರ ಜಕಾರ್ತಾ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನವನ್ನೂ ಪಡೆಯಿತು. ಇಂಥ ಊರಿಗೆ 2019ರಲ್ಲಿ ಹೈದರಾಬಾದು ಫುಟ್‌ಬಾಲ್ ಕ್ಲಬ್ಬು ಬಂದಿತು. ಪುಣೆಯ ಕ್ಲಬ್ಬೊಂದರ ಸ್ಥಾನದಲ್ಲಿ ಅದು ಲೀಗಿಗೆ ಸೇರಿತು. ಗಚ್ಚಿಬೌಲಿಯಲ್ಲಿರುವ ಸರ್ಕಾರದ ಬಾಲಯೋಗಿ ಕ್ರೀಡಾಂಗಣ ಅದರ ತವರಾಯಿತು. ಅದೂ ಓಟದ ಪಥವುಳ್ಳ ಅಂಗಣವೇ. 2022ರಲ್ಲಿ ಆ ಕ್ಲಬ್ಬು ದೇಶದ ಲೀಗನ್ನು ಗೆದ್ದಿತು. 2025ರಲ್ಲಿ ಹೆಸರು ಬದಲಿಸಿಕೊಂಡು ದೆಹಲಿಗೆ ಹೊರಟುಹೋಯಿತು. ಬಾಡಿಗೆದಾರ ಬಂದ, ಗೆದ್ದ, ಹೋದ. ಅಂಗಣ ಅಲ್ಲೇ ಇದೆ. ಅಂಗಣವನ್ನು ಬಾಡಿಗೆದಾರನ ಆಟಕ್ಕೆ ಮಾತ್ರ ಹೊಂದಿಸಿ, ಮಿಕ್ಕವರನ್ನು ಹೊರಗಿಟ್ಟ ಊರಿಗೆ ಅಂಥ ದಿನ ಉಳಿಯುವುದೇನು?

ನಮ್ಮ ಬೀದರಿನಲ್ಲಿಯೂ ಒಂದು ನೆಹರೂ ಕ್ರೀಡಾಂಗಣವಿದೆ. ಗಣರಾಜ್ಯೋತ್ಸವದ ಪಥಸಂಚಲನವೂ ಅಲ್ಲೇ, ಶಾಲಾ ಮಕ್ಕಳ ಕೂಟವೂ ಅಲ್ಲೇ. ಬೆಳಗಿನ ನಡಿಗೆಯ ನಿವೃತ್ತರಿಗೂ, ಪೊಲೀಸು ಸೈನ್ಯಗಳ ಭರ್ತಿಗೆ ಓಡಿ ಮೈ ಹದಗೊಳಿಸುವ ತರುಣರಿಗೂ ಇಂಥ ಬಯಲೇ ಆಸರೆ. ಭಾಲ್ಕಿ, ಔರಾದುಗಳಲ್ಲಿ ಆಟಗಳಿಗೆ ಬರವಿಲ್ಲ. ಜಾತ್ರೆಯ ಕುಸ್ತಿಯ ಕಣದಿಂದ ಹಿಡಿದು ಶಾಲೆಯ ಅಂಗಳದ ಕಬಡ್ಡಿ, ಖೊಖೊಗಳವರೆಗೆ ಎಲ್ಲವೂ ಉಂಟು. ಕಡಮೆಯಿರುವುದು ಸಮನಾದ, ಯಾರೂ ಕಿತ್ತುಕೊಳ್ಳದ ನೆಲ. ನಾಳೆ ಯಾವುದೋ ಕ್ಲಬ್ಬು, ಯಾವುದೋ ಲೀಗು ನಮ್ಮ ಜಿಲ್ಲೆಗೂ ಬಂದೀತು. ಬರಲಿ, ಸಂತೋಷ. ಬಳ್ಳಾರಿ ಸೀಮೆಯ ವಿಜಯನಗರದಲ್ಲಿ, ಬೆಂಗಳೂರು ಕ್ಲಬ್ಬಿನ ಒಡೆಯರೇ 2018ರಲ್ಲಿ ತೆರೆದ ಕ್ರೀಡಾ ಶಿಕ್ಷಣ ಸಂಸ್ಥೆಯಿಂದ ನಮ್ಮ ಭಾಗದ ಮಕ್ಕಳಿಗೂ ದಾರಿ ತೆರೆದೀತು. ಆದರೆ ಬಂದವರಿಗೆ ಬೀಗದ ಕೈ ಕೊಡುವ ಮುನ್ನ ಕೆಲವು ಮಾತುಗಳನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು.

ಮೊದಲನೆಯದು, ಬಾಡಿಗೆಯ ಜೊತೆಗೆ ಪಂಚಾಂಗ: ಯಾವ ದಿನ, ಯಾವ ಗಂಟೆ ಯಾರಿಗೆ ಎಂಬುದು ವರ್ಷದ ಆರಂಭಕ್ಕೇ ಗೊತ್ತಾಗಿ, ಬಾಗಿಲಿನ ಬಳಿ ಎಲ್ಲರೂ ಓದುವಂತೆ ಹಚ್ಚಿರಬೇಕು. ಎರಡನೆಯದು, ಮುಚ್ಚಿದ ದಿನಗಳಿಗೆ ಪರ್ಯಾಯ: ಪಥವನ್ನು ಕಳೆದುಕೊಂಡ ಓಟಗಾರನಿಗೆ ಬೇರೆ ನೆಲವನ್ನು ಒದಗಿಸುವ ಹೊಣೆ ಯಾರದೆಂಬುದು ಕರಾರಿನಲ್ಲಿರಬೇಕು. ಮೂರನೆಯದು, ದುರಸ್ತಿ: ಹುಲ್ಲು ಕೆಟ್ಟರೆ, ಪಥ ಸೀಳಿದರೆ, ದೀಪ ಆರಿದರೆ ತೆರಬೇಕಾದವರು ಯಾರು ಎಂಬುದು ಸ್ಪಷ್ಟವಾಗಿರಬೇಕು, ಲಂಡನ್ನಿನವರು ಅಷ್ಟು ಬೆಲೆ ತೆತ್ತು ಕಲಿತ ಪಾಠವನ್ನು ನಾವು ಪುಕ್ಕಟೆಯಾಗಿ ಕಲಿಯಬಹುದು. ನಾಲ್ಕನೆಯದು, ಊರಿನ ಮಕ್ಕಳ ಪಾಲು: ಪಂದ್ಯದ ದಿನ ಒಂದಿಷ್ಟು ಆಸನ ಅವರಿಗೆ ಉಚಿತ, ಪಂದ್ಯವಿಲ್ಲದ ದಿನ ಅದೇ ಹುಲ್ಲಿನ ಮೇಲೆ ಒಂದಿಷ್ಟು ಹೊತ್ತು ಅವರದು.

ಹಿಂದೆ ನಮ್ಮ ಊರುಗಳಲ್ಲಿ ಕೆರೆಯ ನೀರನ್ನು ಸರದಿಯ ಮೇಲೆ ಹಂಚುತ್ತಿದ್ದರು. ತೂಬು ತೆರೆಯುವ ನೀರುಗಂಟಿಗೆ ಯಾವ ಗದ್ದೆಗೆ ಎಷ್ಟು ಹೊತ್ತು ಎಂಬುದು ತಿಳಿದಿರುತ್ತಿತ್ತು. ದೊಡ್ಡ ಹೊಲದ ಒಡೆಯನಿಗೆ ನೀರು ಹೆಚ್ಚು ಬೇಕಾದೀತು. ಆದರೂ ಕೊನೆಯ ಗದ್ದೆಯ ಸರದಿಯನ್ನು ನುಂಗಲು ಅವನಿಗೆ ಹಕ್ಕಿರಲಿಲ್ಲ. ಸಂಪಂಗಿ ಕೆರೆಯ ಒಡಲಲ್ಲಿ ನಿಂತ ಅಂಗಣಕ್ಕೂ, ನಮ್ಮ ಜಿಲ್ಲೆಯ ತಾಲ್ಲೂಕುಗಳ ಬಯಲುಗಳಿಗೂ ಆ ಹಳೆಯ ಕಟ್ಟಳೆಯೇ ಒಪ್ಪುತ್ತದೆ. ಸರದಿಯನ್ನು ಮೊದಲೇ ನಿಶ್ಚಯಿಸಿಕೊಂಡ ಊರಿನಲ್ಲಿ ಸಂಜೆಯ ಗೋಲಿಗೂ ನಸುಕಿನ ಓಟಕ್ಕೂ ಒಂದೇ ಅಂಗಣ ಸಾಲುತ್ತದೆ.